ಕಾಲಡಿಯ ಸೌರಫಲಕ

ಮಕ್ಕಳೇ, ಚಾವಣಿಯ ಮೇಲಿನ ಸೌರಫಲಕಗಳನ್ನು ನೀವು ನೋಡಿರಬಹುದು. ಅವುಗಳ ಮೇಲೆ ಯಾರೂ ಕಾಲಿಡುವುದಿಲ್ಲ. ಆದರೆ ಹಡಗಿನಲ್ಲಿ ಬಿಸಿಲು ಚೆನ್ನಾಗಿ ಬೀಳುವ ವಿಶಾಲ ಜಾಗವೆಂದರೆ ನಾವಿಕರು ಓಡಾಡುವ ಡೆಕ್. ಅಲ್ಲಿಯೇ ಫಲಕ ಹಾಸಿದರೆ?

ಸೌರಕೋಶದ ಸಿಲಿಕಾನ್ ಬಿಲ್ಲೆಯ ದಪ್ಪ ಎರಡು ಮೂರು ಕೂದಲೆಳೆಯಷ್ಟು ಮಾತ್ರ. ಕಾಲಿನ ಭಾರಕ್ಕೆ ಬಾಗಿದರೆ ಅದು ಹಪ್ಪಳದಂತೆ ಮುರಿಯುತ್ತದೆ. ಒದ್ದೆ ಗಾಜಿನ ಮೇಲೆ ಜಾರಿದ ನಾವಿಕ ಸಮುದ್ರಕ್ಕೇ ಬೀಳಬಹುದು! ಆದ್ದರಿಂದ ಗಾಜಿನ ಬದಲು ಗಟ್ಟಿ ಪ್ಲಾಸ್ಟಿಕ್ ಪದರಗಳ ನಡುವೆ ಕೋಶಗಳನ್ನು ಇಡುತ್ತಾರೆ. ಫಲಕ ಬಾಗದಂತೆ ಅದನ್ನು ಡೆಕ್ಕಿಗೆ ಪೂರ್ತಿ ಅಂಟಿಸುತ್ತಾರೆ. ಜಾರದಂತೆ ಮೇಲ್ಮೈಯನ್ನು ತರಿತರಿಯಾಗಿ ಮಾಡುತ್ತಾರೆ.

ಫ್ರಾನ್ಸ್ ದೇಶದ ‘ಎನರ್ಜಿ ಅಬ್ಸರ್ವರ್’ ಹಡಗಿನಲ್ಲಿ ಇಂತಹ ಫಲಕಗಳನ್ನು ಅಳವಡಿಸಿದರು. ಸುಮಾರು 30 ಮೀಟರ್ ಉದ್ದದ ಈ ಹಡಗು ಮೊದಲು ಪಂದ್ಯದ ಹಾಯಿಹಡಗಾಗಿತ್ತು. 2017ರಲ್ಲಿ ಹೊಸ ರೂಪ ತಳೆದು ದೀರ್ಘ ಸಮುದ್ರಯಾನಕ್ಕೆ ಹೊರಟಿತು.

ಇನ್ನೂ ಎರಡು ತೊಡಕುಗಳಿವೆ. ಮೊದಲನೆಯದು ಬಿಸಿ. ಅಂಟಿಸಿದ ಫಲಕದ ಕೆಳಗೆ ಗಾಳಿ ಆಡುವುದಿಲ್ಲ. ಕೋಶದ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ವಿದ್ಯುತ್ ಶೇಕಡ 3ರಿಂದ 4ರಷ್ಟು ಇಳಿಯುತ್ತದೆ. ಎರಡನೆಯದು ನೆರಳು. ಕೋಶಗಳನ್ನು ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುತ್ತಾರೆ. ಒಂದೇ ಕೋಶದ ಮೇಲೆ ನಾವಿಕನ ನೆರಳು ಬಿದ್ದರೂ ಇಡೀ ಸಾಲಿನ ವಿದ್ಯುತ್ ಕುಗ್ಗುತ್ತದೆ. ಪೈಪನ್ನು ಒಂದು ಕಡೆ ಅದುಮಿದರೆ ನೀರು ಕಡಿಮೆಯಾಗುವುದಿಲ್ಲವೇ, ಹಾಗೆ. ಅದಕ್ಕಾಗಿ ಡಯೋಡ್ ಎಂಬ ಪುಟ್ಟ ಸಾಧನವನ್ನು ಜೋಡಿಸುತ್ತಾರೆ. ನೆರಳು ಬಿದ್ದ ಭಾಗವನ್ನು ಬಿಟ್ಟು ಬಳಸುದಾರಿಯಲ್ಲಿ ವಿದ್ಯುತ್ ಹರಿಯಲು ಅದು ನೆರವಾಗುತ್ತದೆ.

ಮಾಡಿ ನೋಡಿ: ಬೆಳಕಿನಿಂದ ಮಾತ್ರ ನಡೆಯುವ ಕ್ಯಾಲ್ಕುಲೇಟರ್ ಸಿಕ್ಕರೆ, ಅದರ ಕೋಶಗಳಲ್ಲಿ ಒಂದನ್ನು ಮಾತ್ರ ಬೆರಳಿನಿಂದ ಪೂರ್ತಿ ಮುಚ್ಚಿ. ಅಂಕಿಗಳು ಏನಾದವು? ಏಕೆ?