ಮತ ಹೆಚ್ಚು ಒಬ್ಬರಿಗೆ, ಪ್ರತಿನಿಧಿಗಳು ಹೆಚ್ಚು ಇನ್ನೊಬ್ಬರಿಗೆ!

2020ರ ಫೆಬ್ರವರಿ 3, ಅಮೆರಿಕದ ಅಯೋವಾ ರಾಜ್ಯ. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸೋ ಮೊದಲ ರಾತ್ರಿ. ಮತ ಹೆಚ್ಚು ಬಿದ್ದದ್ದು ಬರ್ನಿ ಸ್ಯಾಂಡರ್ಸ್‌ಗೆ. ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸೋ ಪ್ರತಿನಿಧಿಗಳು ಹೆಚ್ಚು ಸಿಕ್ಕಿದ್ದು ಪೀಟ್ ಬುಟಜೆಜ್‌ಗೆ. ಹೇಗೆ?

ಅಂದು ನಡೆದದ್ದು ಕಾಕಸ್, ಅಂದರೆ ಪಕ್ಷದವರ ಸ್ಥಳೀಯ ಸಭೆ. ಅಲ್ಲಿ ಗುಟ್ಟಿನ ಮತ ಇರಲಿಲ್ಲ. ಸಂಜೆ ಏಳಕ್ಕೆ ಶಾಲೆಯ ಜಿಮ್ಮಲ್ಲೋ ಚರ್ಚಲ್ಲೋ ಸೇರಬೇಕಿತ್ತು. ಅಕ್ಕಪಕ್ಕದ ಮನೆಯವರು ನೋಡ್ತಿರುವಾಗಲೇ ತಮ್ಮ ಅಭ್ಯರ್ಥಿಯ ಗುಂಪಿಗೆ ಹೋಗಿ ನಿಲ್ಲಬೇಕಿತ್ತು. ತಲೆ ಎಣಿಸ್ತಿದ್ರು. ಸಾಮಾನ್ಯವಾಗಿ ಶೇ. 15 ಮುಟ್ಟದ ಗುಂಪಿನವರು ಬೇರೆ ಗುಂಪು ಸೇರಬೇಕಿತ್ತು, ಇಲ್ಲ ಮನೆಗೆ ಹೊರಡಬೇಕಿತ್ತು. ರಾತ್ರಿ ಪಾಳಿಯ ನರ್ಸು, ಹಸುಗೂಸಿನ ತಾಯಿ? ಬರೋದೇ ಕಷ್ಟವಾಗಿತ್ತು.

ಅಸಲಿ ತೊಡಕು ಬೇರೆಯೇ ಇತ್ತು. ಯಾವ ಮತಗಟ್ಟೆಗೆ ಎಷ್ಟು ಪ್ರತಿನಿಧಿಗಳು ಅನ್ನೋದು ಹಿಂದಿನ ಚುನಾವಣೆಗಳ ಲೆಕ್ಕದಲ್ಲಿ ಮೊದಲೇ ನಿಗದಿಯಾಗಿತ್ತು. ಐವತ್ತು ಜನ ಬರಲಿ, ಐನೂರು ಬರಲಿ, ಸಂಖ್ಯೆ ಅಷ್ಟೇ ಇರ್ತಿತ್ತು. ಜನ ಕಿಕ್ಕಿರಿದ ಕಡೆ ಒಂದೊಂದು ಮತದ ತೂಕ ಇಳೀತಿತ್ತು. ಸಮಬಲ ಬಂದರೆ ನಾಣ್ಯ ಚಿಮ್ಮಿಸ್ತಿದ್ರು! ತಮಾಷೆಯಲ್ಲ, 2016ರಲ್ಲಿ ಕೆಲವು ಕಡೆ ಹಾಗೇ ಆಯ್ತು.

ಅಭ್ಯರ್ಥಿಯನ್ನು ಆರಿಸೋ ಇನ್ನೊಂದು ಬಗೆ ಪ್ರೈಮರಿ; ಅದರಲ್ಲಿ ಗುಟ್ಟಿನ ಮತದಾನ ಉಂಟು. ಆದರೆ ಕೆಲವು ರಾಜ್ಯಗಳಲ್ಲಿ ರಿಪಬ್ಲಿಕನ್ ಪಕ್ಷದ ಪ್ರೈಮರಿ ಗೆದ್ದವರಿಗೇ ಎಲ್ಲ ಪ್ರತಿನಿಧಿಗಳು. ಉಳಿದವರ ಮತ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ದಾರಿ ಇದೆ. 2020ರಲ್ಲಿ ಅಲಾಸ್ಕಾ, ಕಾನ್ಸಸ್‌ನ ಡೆಮಾಕ್ರಟರು ಕಾಕಸ್ ಕೈಬಿಟ್ಟು, ಅಂಚೆಯಲ್ಲಿ ಪ್ರಾಶಸ್ತ್ಯದ ಮತ ಪಡೆದರು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ 1, 2, 3 ಅಂತ ಬರೀತೀವಲ್ಲ, ಅದೇ ರೀತಿ. ಮೊದಲ ಆಯ್ಕೆ ಸೋತರೆ ಮತ ಎರಡನೆಯದಕ್ಕೆ ಹೋಗುತ್ತೆ. ಇದರ ಜೊತೆಗೆ ಪ್ರತಿನಿಧಿಗಳನ್ನೂ ಇಡೀ ರಾಜ್ಯದ ಮತದ ಪ್ರಮಾಣದಲ್ಲೇ ಹಂಚಬೇಕು.

2024ರಲ್ಲಿ ಅಯೋವಾದ ಡೆಮಾಕ್ರಟರೂ ಅಭ್ಯರ್ಥಿ ಆಯ್ಕೆಯನ್ನು ಅಂಚೆ ಮತಕ್ಕೆ ಬದಲಿಸಿದರು.