ಮಣ್ಣು ಪರೀಕ್ಷೆ ಮಾಡಿಸ್ತೀವಿ, ಮೂತ್ರ ಪರೀಕ್ಷೆ?

ದೇವಸಮುದ್ರ ಹೋಬಳಿಯಲ್ಲಿ ನನಗೆ ಐದು ಎಕರೆ ಖುಷ್ಕಿ. ಮಳೆ ಬಂದರೆ ಶೇಂಗಾ, ನಡುವೆ ತೊಗರಿ ಸಾಲು. ಈ ಸಲ ಬರೆಯುತ್ತಿರುವುದು ಬೆಳೆ ಬಗ್ಗೆ ಅಲ್ಲ, ಬೆಳೆಯುವವರ ಕಿಡ್ನಿ ಬಗ್ಗೆ.

ನಮ್ಮಣ್ಣನಿಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಹೋದ ವರ್ಷ ರಕ್ತದ ಕ್ರಿಯಾಟಿನಿನ್ 1.0 ಬಂತು. "ನಾರ್ಮಲ್ ಐತೆ ಬಿಡು" ಅಂದ. ವೈದ್ಯರು ಬಿಡಲಿಲ್ಲ, ಮೂತ್ರವನ್ನೂ ಪರೀಕ್ಷೆಗೆ ಕಳಿಸಿದರು. ಅದರಲ್ಲಿ ‘ಎಸಿಆರ್’ ಅಂಕಿ 180. ಇರಬೇಕಾದ್ದು 30ರ ಒಳಗೆ! ರಕ್ತ ಸರಿ ಇದ್ದು ಮೂತ್ರ ಸರಿ ಇಲ್ಲದಿರುವುದು ಹೇಗೆ? ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಕ್ರಿಯಾಟಿನಿನ್ ಅಂದರೆ

ನಮ್ಮ ಮಾಂಸಖಂಡಗಳಲ್ಲಿ ದಿನವೂ ಹುಟ್ಟುವ ಕಸ ಇದು. ಕಿಡ್ನಿ ಅದನ್ನು ರಕ್ತದಿಂದ ಸೋಸಿ ಮೂತ್ರಕ್ಕೆ ಬಿಡುತ್ತದೆ. ಹಾಗಾಗಿ ಮೂತ್ರದಲ್ಲಿ ಕ್ರಿಯಾಟಿನಿನ್ ಇರುವುದು ರೋಗವಲ್ಲ, ಇರಲೇಬೇಕು. ರಕ್ತದಲ್ಲಿ ಏರಿದರೆ ಸೋಸುವ ಕೆಲಸ ಕುಂಠಿತವಾಗಿದೆ ಎಂದರ್ಥ. ತೊಡಕೆಂದರೆ, ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗುವ ತನಕ ರಕ್ತದ ಅಂಕಿ ನಾರ್ಮಲ್ಲಾಗಿಯೇ ಕಾಣಬಹುದು. ಬಡಕಲು ಮೈಯವರಲ್ಲಿ ಇನ್ನೂ ಮೋಸ: ಮಾಂಸಖಂಡ ಕಮ್ಮಿ, ಅಂಕಿಯೂ ಕಮ್ಮಿ. ಅದಕ್ಕೇ ವರದಿಯಲ್ಲಿ ‘ಇಜಿಎಫ್‌ಆರ್’ ಎಷ್ಟಿದೆ ಕೇಳಿ. ಅದು ಮೂರು ತಿಂಗಳ ಮೇಲೂ 60ಕ್ಕಿಂತ ಕೆಳಗೇ ಇದ್ದರೆ ಕಿಡ್ನಿ ಕಾಯಿಲೆ ಎಂದು ಲೆಕ್ಕ.

ಜರಡಿ ಹರಿದಾಗ

ಅಲ್ಬುಮಿನ್ ರಕ್ತದಲ್ಲಿರುವ ಪ್ರೋಟೀನು. ಕಿಡ್ನಿಯ ಜರಡಿ ಗಟ್ಟಿ ಇದ್ದರೆ ಅದು ಮೂತ್ರಕ್ಕೆ ಬೀಳುವುದು ತೀರಾ ಕಮ್ಮಿ. ಸಕ್ಕರೆ ಕಾಯಿಲೆ, ಬಿಪಿಯಿಂದ ಜರಡಿಯ ತೂತು ಹಿಗ್ಗಿದರೆ ಸೋರತೊಡಗುತ್ತದೆ. ನೋವಿಲ್ಲ, ಉರಿಯಿಲ್ಲ, ನಮಗೆ ಗೊತ್ತೇ ಆಗಲ್ಲ.

ಆದರೆ ನೀರು ಹೆಚ್ಚು ಕುಡಿದ ದಿನ ಮೂತ್ರ ತೆಳು, ಬಿಸಿಲಲ್ಲಿ ಕಳೆ ತೆಗೆದ ದಿನ ಗಟ್ಟಿ. ಬರೀ ಅಲ್ಬುಮಿನ್ ಅಳೆದರೆ ಲೆಕ್ಕ ತಪ್ಪುತ್ತದೆ. ಇಲ್ಲಿ ಮೂತ್ರದ ಕ್ರಿಯಾಟಿನಿನ್ ಅಳತೆಗೋಲಾಗುತ್ತದೆ. ಒಂದು ಲೀಟರಿನಲ್ಲಿ 60 ಮಿ.ಗ್ರಾಂ ಅಲ್ಬುಮಿನ್, 1 ಗ್ರಾಂ ಕ್ರಿಯಾಟಿನಿನ್ ಇದೆ ಎನ್ನಿ. ಅದೇ ಎರಡು ಲೀಟರಾದರೆ ಲೀಟರಿಗೆ 30 ಮಿ.ಗ್ರಾಂ, ಅರ್ಧ ಗ್ರಾಂ. ಎರಡರಲ್ಲೂ ಗ್ರಾಂಗೆ 60 ಮಿ.ಗ್ರಾಂ. ಟ್ಯಾಂಕಿಗೆ ನೀರು ಎಷ್ಟೇ ಸುರಿದರೂ ಬೆರೆಸಿದ ಎರಡು ಔಷಧಿಗಳ ಪ್ರಮಾಣ ಬದಲಾಗದ ಹಾಗೆ! ಇದೇ ಎಸಿಆರ್. 30ರೊಳಗೆ ಸರಿ, 30ರಿಂದ 300 ಎಚ್ಚರಿಕೆ, ಅದರ ಮೇಲೆ ಗಂಭೀರ.

ಒಂದೇ ಸಲದ ಅಂಕಿ ನಂಬಬೇಡಿ. ಜ್ವರ, ಮೂತ್ರದ ಸೋಂಕು, ವಿಪರೀತ ದುಡಿಮೆಯಿಂದಲೂ ಏರಬಹುದು. ಬೆಳಗಿನ ಮೊದಲ ಮೂತ್ರ ಕೊಡುವುದು ಒಳ್ಳೆಯದು. ಅಣ್ಣನಿಗೆ ಮೂರು ತಿಂಗಳಲ್ಲಿ ಮತ್ತೆರಡು ಸಲ ಮಾಡಿಸಿದರು, ಹೆಚ್ಚೇ ಇತ್ತು. ಬಿಪಿ ಗುಳಿಗೆಗಳಲ್ಲೇ ಸೋರಿಕೆ ತಗ್ಗಿಸುವಂಥದ್ದನ್ನು ಶುರು ಮಾಡಿದರು. ಈಗ 70ಕ್ಕೆ ಇಳಿದಿದೆ.

ನಮ್ಮ ಕೈಯಲ್ಲಿರುವುದು

* ಸಕ್ಕರೆ ಕಾಯಿಲೆ, ಬಿಪಿ ಇದ್ದವರು ವರ್ಷಕ್ಕೊಮ್ಮೆ ಎಸಿಆರ್ ಮತ್ತು ರಕ್ತದ ಕ್ರಿಯಾಟಿನಿನ್ ಎರಡನ್ನೂ ಮಾಡಿಸಿ.
* ಶೇಂಗಾ ಕಿತ್ತು ಸೊಂಟ ಹಿಡಿದಾಗ ಅಂಗಡಿಯಿಂದ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ತಂದು ದಿನಾ ನುಂಗಬೇಡಿ. ಮೈಯಲ್ಲಿ ನೀರು ಬತ್ತಿದಾಗಲಂತೂ ಅದು ಕಿಡ್ನಿಗೆ ಪೆಟ್ಟು.
* ಹೊಲಕ್ಕೆ ನೀರು ಒಯ್ಯಿರಿ. ಕಿಡ್ನಿ ಈಗಾಗಲೇ ಸೋತವರು ಎಷ್ಟು ಕುಡಿಯಬೇಕೆಂದು ವೈದ್ಯರನ್ನೇ ಕೇಳಬೇಕು.
* ನಮ್ಮ ಸೀಮೆಯ ಬೋರ್ ನೀರಿನ ಫ್ಲೋರೈಡ್ ಎಲ್ಲರಿಗೂ ಗೊತ್ತಿರುವುದೇ. ಮೈ ಸೇರಿದ ಫ್ಲೋರೈಡನ್ನು ಹೊರಹಾಕುವುದೂ ಕಿಡ್ನಿಯೇ. ಕುಡಿಯಲು ಶುದ್ಧ ನೀರಿನ ಘಟಕದ್ದನ್ನೇ ಬಳಸಿ.

ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಸೀಮೆಯಲ್ಲಿ ಸಕ್ಕರೆ, ಬಿಪಿ ಇಲ್ಲದ ಎಷ್ಟೋ ರೈತರಿಗೂ ಕಿಡ್ನಿ ಕಾಯಿಲೆ ಬಂದಿದೆ. ಹಾಗಾಗಿ ಮುಖ, ಕಾಲು ಬಾತರೆ, ಮೂತ್ರ ನೊರೆಗಟ್ಟಿದರೆ ಯಾರೂ ತಡ ಮಾಡಬಾರದು.

2016ರಿಂದ ಕೇಂದ್ರದ ಯೋಜನೆಯಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಇದೆ, ನಿಜ. ಆದರೆ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ತಾಸು ಮಲಗಬೇಕಾದವನ ಹೊಲ ಯಾರು ನೋಡ್ತಾರೆ? ಈ ಮುಂಗಾರು ಬಿತ್ತನೆಗೆ ಮೊದಲು ಒಂದು ಬೆಳಗ್ಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ವಿಚಾರಿಸಿ ಬನ್ನಿ.