ಯಕೃತ್ತಿನ ದೀರ್ಘವ್ಯಾಧಿ ಮತ್ತು ರಕ್ತದ ಹೆಪ್ಪುಗಟ್ಟುವಿಕೆ

ಮಳೆಗಾಲದಲ್ಲಿ ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಕಾಯಕನಿರತರಾದವರಿಗೆ ಇಂಬಳದ ಕಡಿತ ಹೊಸದಲ್ಲ. ಅದರ ಜೊಲ್ಲು ರಕ್ತವನ್ನು ಹೆಪ್ಪುಗಟ್ಟಗೊಡದು. ಆದುದರಿಂದ ಆರೋಗ್ಯವಂತರ ಗಾಯವೂ ಬಹಳ ಹೊತ್ತು ಒಸರುತ್ತದೆ. ಅದಕ್ಕೆ ಅಂಜಬೇಕಾಗಿಲ್ಲ. ಆದರೆ ಗಾಯವೇ ಇಲ್ಲದೆ ಒಸಡು, ಮೂಗುಗಳಿಂದ ರಕ್ತ ಬಂದರೆ, ಮೈಮೇಲೆ ನೀಲಿ ಕಲೆಗಳು ಮೂಡಿದರೆ ಯಕೃತ್ತನ್ನೂ ಪರೀಕ್ಷಿಸಿಕೊಳ್ಳಬೇಕು.

ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಬಹುಪಾಲು ಸಿದ್ಧವಾಗುವುದು ಯಕೃತ್ತಿನಲ್ಲಿಯೇ. ಮದ್ಯಪಾನ, ಹೆಪಟೈಟಿಸ್ ಬಿ ಅಥವಾ ಸಿ ಸೋಂಕು, ಮಧುಮೇಹ ಮತ್ತು ಬೊಜ್ಜಿನೊಡನೆ ಸೇರುವ ಕೊಬ್ಬು ಇವುಗಳಿಂದ ವರ್ಷಗಟ್ಟಲೆ ನಲುಗಿದ ಯಕೃತ್ತು ಗಡುಸಾಗಿ ಸಿರೋಸಿಸ್ ಸ್ಥಿತಿಗೆ ತಲುಪಿದಾಗ ಈ ಉತ್ಪಾದನೆ ಕುಗ್ಗುತ್ತದೆ. ಪಿತ್ತರಸ ಕರುಳಿಗೆ ಸರಿಯಾಗಿ ಇಳಿಯದಿದ್ದರೆ ವಿಟಮಿನ್ ಕೆ ಮೈಗೂಡದು. ಗುಲ್ಮವು ಹಿಗ್ಗಿ ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಡುವುದರಿಂದ, ಸಾಮಾನ್ಯವಾಗಿ 1.5 ಲಕ್ಷಕ್ಕಿಂತ ಮೇಲಿರಬೇಕಾದ ಅವುಗಳ ಎಣಿಕೆ ಇಳಿಯುತ್ತದೆ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆ ನುಸುಳುತ್ತದೆ. ಐಎನ್‌ಆರ್ ಪರೀಕ್ಷೆಯ ಅಂಕಿ ಏರಿದುದನ್ನು ಕಂಡು, "ರಕ್ತ ತೆಳುವಾಗಿದೆ, ಇನ್ನು ಹೆಪ್ಪುಗಟ್ಟುವ ಭಯವಿಲ್ಲ" ಎಂದು ಮನೆಯವರು ಭಾವಿಸುತ್ತಾರೆ. ನಿಜಸ್ಥಿತಿ ಬೇರೆ. ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನ್ ಸಿ, ಆಂಟಿಥ್ರಾಂಬಿನ್ ಮೊದಲಾದವುಗಳೂ ಯಕೃತ್ತಿನಲ್ಲೇ ತಯಾರಾಗುತ್ತವೆ, ಅವೂ ಕಡಿಮೆಯಾಗಿರುತ್ತವೆ. ತಕ್ಕಡಿಯ ಎರಡೂ ತಟ್ಟೆಗಳು ಹಗುರಾಗಿರುವುದರಿಂದ ಸಣ್ಣ ಸೋಂಕು ತಗಲಿದರೂ ಅದು ಯಾವ ಕಡೆಗಾದರೂ ವಾಲಬಹುದು. ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳದಲ್ಲಿಯೇ ಹೆಪ್ಪುಗಟ್ಟುವುದುಂಟು. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಅದನ್ನು ಉಳುಕೆಂದು ತಿಳಿದು ಎಣ್ಣೆ ತಿಕ್ಕುತ್ತಾ ಕೂರಬಾರದು.

ರಕ್ತವಾಂತಿಗೆ ಮುಖ್ಯ ಕಾರಣ ರಕ್ತ ತೆಳುವಾದುದಲ್ಲ. ಗಡುಸಾದ ಯಕೃತ್ತಿನ ಮೂಲಕ ಹರಿಯಲಾಗದ ರಕ್ತದ ಒತ್ತಡದಿಂದ ಅನ್ನನಾಳದ ನಾಳಗಳು ಉಬ್ಬಿ ಒಡೆಯುತ್ತವೆ. ಎಂಡೋಸ್ಕೋಪಿಯಿಂದ ಅವನ್ನು ಬಿಗಿದು ಕಟ್ಟಬೇಕು. ಸುಬ್ರಹ್ಮಣ್ಯದ ಕಡೆಯಿಂದ ಮಂಗಳೂರಿಗೆ 100 ಕಿ.ಮೀ.ಗೂ ಮಿಗಿಲಾದ ದಾರಿ. ರಾತ್ರಿ ವಾಂತಿಯಾದರೆ ಬೆಳಗಾಗಲೆಂದು ಕಾಯದೆ ಸಮೀಪದ ಆಸ್ಪತ್ರೆಗಾದರೂ ಕೂಡಲೇ ಸೇರಿಸಬೇಕು. ಡಾಂಬರಿನಂತೆ ಕಪ್ಪಾದ, ಅಂಟಂಟಾದ ಮಲವೂ ಒಳಗಿನ ರಕ್ತಸ್ರಾವದ ಗುರುತು. ಕಬ್ಬಿಣದ ಮಾತ್ರೆ ನುಂಗುವವರಲ್ಲಿಯೂ ಮಲ ಕಪ್ಪಾಗುತ್ತದೆ, ಆದರೆ ಇಬ್ಬರಿಗೂ ವೈದ್ಯರೇ ಹೇಳಲಿ.

ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳು ಇಂಥವರಿಗೆ ಅಪಾಯಕರ. ಕಾಮಾಲೆಗೆ ಹಸಿಮದ್ದು ಕುಡಿಯುವ ವಾಡಿಕೆ ನಮ್ಮಲ್ಲಿ ಬಲವಾಗಿದೆ. ನೆಲನೆಲ್ಲಿಯ ಮೇಲಿನ ನಂಬಿಕೆಯಿಂದ ರಕ್ತಪರೀಕ್ಷೆಯನ್ನು ತಿಂಗಳುಗಟ್ಟಲೆ ಮುಂದೂಡಿದರೆ ನಷ್ಟ ರೋಗಿಗೇ. ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಯಕೃತ್ತಿನ ಕಾಯಿಲೆಯ ವಿಷಯ ತಿಳಿಸಿ, ಹಳೆಯ ವರದಿಗಳನ್ನು ತೋರಿಸಬೇಕು.